ಕೌದಿ ಹೊಚ್ಚಿದ ಡಿಸ್ಕು

ನಾನು ಸೋಲೊಪ್ಪುವ ಪೈಕಿಯಲ್ಲ. ದಾಂಡೇಲಿಯ ಬಂಗೂರನಗರದ ಮನೆಯಿಂದ ಹಳಿಯಾಳ ತಾಲೂಕಿನ ಕಾಡಂಚಿನ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಹೆಡ್ ಮಾಸ್ತರನಾಗಿದ್ದೆ. ಬಸ್ಸು ತಡವಾದರೆ ಡ್ರೈವರನಿಗೂ ನಾಲ್ಕು ಬುದ್ಧಿಮಾತು ಹೇಳಿಯೇ ಕೂರುವ ಚಟ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ನನ್ನ ನಾಚಿಕೆಗೇಡಿನ ಕಥೆ.

ನಿವೃತ್ತಿಗೆ ಎರಡು ವರ್ಷ ಮೊದಲು ಮನೆಗೊಂದು ಪೆಟ್ಟಿಗೆ ತಂದೆ. ಒಳಗೆ ಎರಡು ಹಾರ್ಡ್ ಡಿಸ್ಕು. ವೈಫೈಗೆ ಜೋಡಿಸಿಟ್ಟರೆ ಮನೆಮಂದಿಯ ಫೋಟೊ, ವಿಡಿಯೊ, ಹಾಡು ಎಲ್ಲ ಅದರಲ್ಲೇ. ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇರುವಂತೆ ಮಾಡಬಹುದು. ಇಲ್ಲವೇ ಎರಡನ್ನೂ ಬೆಸೆದು ಜಾಗ ದುಪ್ಪಟ್ಟು ಮಾಡಿಕೊಳ್ಳಬಹುದು, ಆದರೆ ಆಗ ಒಂದು ಕೆಟ್ಟರೆ ಎರಡೂ ಹೋದಂತೆ. ಆಸೆಬುರುಕ ನಾನು ಜಾಗವನ್ನೇ ಆರಿಸಿದೆ. ಸ್ಟಾಫ್ ರೂಮಿನಲ್ಲಿ ಮಾತ್ರ, ನನ್ನ ಮನೆಯಲ್ಲಿ ಪ್ರತಿಯೊಂದಕ್ಕೂ ಎರಡು ಪ್ರತಿ ಉಂಟು ಎಂದು ಕೊಚ್ಚಿಕೊಂಡೆ.

ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವಳು ಸಿದ್ದಿ ಸಮುದಾಯದ ಹೆಣ್ಣುಮಗಳು. ಅವಳ ಅವ್ವ ಕೌದಿ ಹೊಲಿಯುತ್ತ ಹಾಡುತ್ತಾಳೆಂದು ಕೇಳಿ ಒಂದು ಭಾನುವಾರ ಅವರ ಮನೆಗೆ ಹೋದೆ. ಹರಕು ಸೀರೆ, ಹಳೇ ಅಂಗಿಗಳ ತುಂಡು ಜೋಡಿಸಿ ಅಂಚಿನಿಂದ ಒಳಗೊಳಗೆ ಹೊಲಿಯುತ್ತ ಹೊದಿಕೆ ಮಾಡುವ ಕೆಲಸ ಅದು. ಕೊನೆಗೆ ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಹೂವು ಹಚ್ಚದಿದ್ದರೆ ಕೌದಿ ಇನ್ನೂ ಬರಿಮೈಯಲ್ಲಿದೆ ಎಂದೇ ಅವರ ಲೆಕ್ಕ. ಮುದುಕಿ ತಮ್ಮ ಮನೆಮಾತಿನಲ್ಲಿ ತೊಟ್ಟಿಲ ಹಾಡು ಹಾಡಿದಳು. ನಾನು ಮೊಬೈಲ್ ಹಿಡಿದು, ಎಷ್ಟು ನಿಮಿಷವಾಯಿತೆಂದು ಪರದೆ ನೋಡುತ್ತ ಕೂತೆ. ಹೊರಡುವಾಗ ಮಗ್ಗುಲಲ್ಲಿದ್ದ ಕೆಂಪು ಕೌದಿಯನ್ನು ಮಡಿಚಿ ನನ್ನ ಕೈಗಿಟ್ಟಳು. ಮನೆಗೆ ಬಂದು ಹಾಡನ್ನು ಪೆಟ್ಟಿಗೆಗೆ ತುಂಬಿ, ಜಾಗ ಸಾಲದೆಂದು ಮೊಬೈಲಿನಿಂದ ಅಳಿಸಿದೆ.

ಮರುವರ್ಷ ಮುದುಕಿ ತೀರಿಕೊಂಡಳು. ಕೆಲವು ತಿಂಗಳಾದ ಮೇಲೆ ಅಡುಗೆಯವಳು ಹೊಸ ಮೊಬೈಲ್ ತೋರಿಸುತ್ತ, ಅವ್ವನ ಹಾಡನ್ನು ಇದಕ್ಕೆ ಹಾಕಿಕೊಡಿ ಎಂದು ನನ್ನ ಮುಂದೆ ನಿಂತಳು. ಮನೆಯಲ್ಲಿ ಅವ್ವನ ದನಿ ಇನ್ನೆಲ್ಲೂ ಇಲ್ಲವಂತೆ. ತನ್ನ ಮಗಳು ಬಸುರಿ, ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅವ್ವನೇ ಹಾಡಿದಂತಾಗಬೇಕೆಂಬ ಆಸೆ. ಎಲ್ಲಿ ಹೋಗ್ತೈತಿ ತಂಗಿ, ಸೋಮವಾರ ತರ್ತೇನಿ ಎಂದೆ. ಎಷ್ಟು ಸೋಮವಾರ ಬಂದವು, ಹೋದವು, ನಾನು ನಿವೃತ್ತನೂ ಆದೆ. ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು ಐದು ನಿಮಿಷದ ಕೆಲಸ. ನನ್ನ ಸೋಮಾರಿತನಕ್ಕೆ ಬೆಂಕಿ ಹಾಕ.

ಅಷ್ಟರಲ್ಲಿ ಪೆಟ್ಟಿಗೆ ಸದ್ದು ಮಾಡತೊಡಗಿತು. ಮೊದಲು ಗುಂಯ್ ಎನ್ನುವ ಸದ್ದು. ಮಧ್ಯಾಹ್ನ ಅಡ್ಡಾದರೆ ಅದನ್ನಿಟ್ಟ ಕಪಾಟೇ ಗೊಣಗಿದಂತೆ ಕೇಳುತ್ತಿತ್ತು. ಡಿಸ್ಕಿನ ಅದುರು ತಗಡಿನ ಕಪಾಟಿಗೆ ತಾಗಿ ಹೀಗಾಗುತ್ತದೆ, ಕೆಳಗೆ ಮೆತ್ತಗಿನದೇನಾದರೂ ಹಾಕಿ ಎಂದು ಇಂಟರ್ನೆಟ್ಟಿನಲ್ಲಿ ಬರೆದಿದ್ದರು. ಕೈಗೆ ಸಿಕ್ಕಿದ್ದು ಆ ಕೌದಿ. ನಾಲ್ಕು ಪದರ ಮಡಿಚಿ ಹಾಸಿದೆ, ಸದ್ದು ನಿಂತಿತು. ಎರಡು ದಿನ ಅದೇ ಜಂಭದಲ್ಲಿ ತಿರುಗಾಡಿದೆ.

ತಿಂಗಳು ಕಳೆದ ಮೇಲೆ ಬೇರೆ ಸದ್ದು ಬಂತು. ಟಕ್, ಟಕ್, ಸ್ವಲ್ಪ ತಡೆದು ಮತ್ತೆ ಟಕ್. ಸ್ಕ್ರೂ ಬಿಗಿ ಮಾಡಿದೆ, ಹೋಗಲಿಲ್ಲ. ಆಫ್ ಮಾಡಿ ಎರಡೂ ಡಿಸ್ಕುಗಳನ್ನು ಅದಲುಬದಲು ಮಾಡಿದೆ. ಎಡಗಡೆಯ ಸದ್ದು ಬಲಗಡೆಗೆ ಹೋಯಿತು. ಅಂದರೆ ಕೆಟ್ಟಿದ್ದು ಪೆಟ್ಟಿಗೆಯಲ್ಲ, ಆ ಒಂದು ಡಿಸ್ಕು. ಇಂಥ ಸದ್ದು ಬಂದರೆ ಬೇರೇನೂ ಮಾಡದೆ ಮೊದಲು ಬೇಕಾದ್ದನ್ನು ಬೇರೆಡೆಗೆ ತೆಗೆದುಕೊಳ್ಳಿ ಎಂದು ಆ ಇಂಟರ್ನೆಟ್ಟಿನಲ್ಲೇ ಬರೆದಿದ್ದರು. ಓದಿದೆ. ಓದಿಯೂ, ಹುಬ್ಬಳ್ಳಿಗೆ ಹೋದಾಗ ಹೊಸ ಡಿಸ್ಕು ತಂದರಾಯಿತು ಎಂದುಕೊಂಡೆ. ಅಲ್ಲಿಯವರೆಗೆ ಕಿರಿಕಿರಿ ಬೇಡವೆಂದು ಕೆಳಗಿದ್ದ ಕೌದಿಯನ್ನು ಬಿಡಿಸಿ ಪೆಟ್ಟಿಗೆಯ ಸುತ್ತ ಸುತ್ತಿದೆ.

ಹೆಂಡತಿ ನಕ್ಕಳು. "ಹಸುಗೂಸಿಗೆ ಹೊಚ್ಚಿದಂಗ ಹೊಚ್ಚೀರಲ್ರೀ, ಅದಕ್ಕ ಉಸಿರು ಬ್ಯಾಡೇನು?"

ನಿನಗೇನು ತಿಳಿಯುತ್ತೆ ಎಂದು ಅವಳ ಮೇಲೇ ಹರಿಹಾಯ್ದೆ. ಒಂದು ವಾರ ಮನೆ ತಣ್ಣಗಿತ್ತು. ಆಮೇಲೆ ಪೆಟ್ಟಿಗೆಯ ಹಸಿರು ದೀಪ ಕೆಂಪಾಯಿತು.

ಹುಬ್ಬಳ್ಳಿಯ ರಿಪೇರಿಯವನು ಫ್ಯಾನಿನ ಜಾಲರಿಯಿಂದ ಚಿಮಟದಲ್ಲಿ ಕೆಂಪು ದಾರದ ಎಳೆಗಳನ್ನು ಎಳೆದೆಳೆದು ಮೇಜಿನ ಮೇಲಿಟ್ಟ. ಇದಕ್ಕೇನಾದರೂ ಹೊಚ್ಚಿದ್ದಿರಾ ಎಂದು ಕೇಳಿದ. ಮೊದಲೇ ನಿತ್ರಾಣವಾಗಿದ್ದ ಡಿಸ್ಕು ಕಾವಿಗೆ ಪೂರ್ತಿ ಹೋಗಿತ್ತು. ಬೆಂಗಳೂರಿಗೆ ಕಳಿಸಿ ನೋಡಿದ. ಅಲ್ಲಿಂದಲೂ ಏನೂ ಸಿಗಲಿಲ್ಲ ಎಂದೇ ಫೋನ್ ಬಂತು. ಅದೇ ವಾರ, ಮೊಮ್ಮಗಳು ಹುಟ್ಟಿದ್ದಾಳೆ, ಬರುವ ಗುರುವಾರ ತೊಟ್ಟಿಲು ಎಂದು ಅಡುಗೆಯವಳಿಂದಲೂ ಫೋನ್ ಬಂತು.

ಬುಧವಾರ ಅವಳ ಮನೆಗೆ ಹೋದೆ. ದಾರಿಯುದ್ದಕ್ಕೂ ನಿಜ ಹೇಳಬೇಕೆಂದೇ ಇದ್ದೆ. ಆದರೆ ಆ ವಾರ ಗುಡುಗು ಮಳೆ ಹೊಡೆದಿತ್ತು, ಊರಲ್ಲಿ ಎರಡು ಟಿವಿ ಸುಟ್ಟಿದ್ದವು. ಅಂಗಳದಲ್ಲಿ ಅವಳ ಮುಖ ಕಂಡದ್ದೇ ತಡ, ಸಿಡಿಲು ಬಡಿದು ಡಿಸ್ಕು ಸುಟ್ಟುಹೋಯಿತು ಎಂಬ ಮಾತು ತಾನಾಗಿ ಬಾಯಿಂದ ಬಿತ್ತು. ಅರವತ್ತು ದಾಟಿದವನು, ಮಕ್ಕಳು ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸಿದವನು, ನಾನೇ!

ಅವಳು ನಂಬಿದಳು. ನಂಬಿ, ನನಗೇ ಸಮಾಧಾನ ಹೇಳಿದಳು. ಸಿಡಿಲಿಗೆ ನೀವೇನು ಮಾಡುತ್ತೀರಿ, ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲವಲ್ಲ, ಅಷ್ಟು ಸಾಕು ಎಂದು ಚಹಾ ತಂದುಕೊಟ್ಟಳು. ಪಕ್ಕದಲ್ಲಿ ಬಂದು ಕೂತಳು.

"ನಾನ ಹಾಡ್ತೇನಿ ಬಿಡ್ರಿ ಸರ್ರ. ಮೊದಲನೇ ಸಾಲು ನನಗ ಬರ್ತೈತಿ, ಮುಂದಿಂದು ಮರತೇನಿ. ನೀವು ಎಷ್ಟೋ ಸಲ ಕೇಳಿರ್ತೀರಲ್ಲ, ಒಂದೀಟು ನೆನಪು ಮಾಡಿ ಹೇಳ್ರಿ."

ಚಹಾ ಮುಗಿಸಿ ಲೋಟ ಕೆಳಗಿಟ್ಟೆ. ಆ ಹಾಡನ್ನು ಪೆಟ್ಟಿಗೆಗೆ ತುಂಬಿದ ಮೇಲೆ ನಾನು ಒಮ್ಮೆಯೂ ಹಚ್ಚಿ ಕೇಳಿರಲಿಲ್ಲ. ಇನ್ನು ತಡೆದುಕೊಳ್ಳಲಾಗಲಿಲ್ಲ. ಸಿಡಿಲು ಸುಳ್ಳು ಎಂದೆ. ಟಕ್ ಟಕ್ ಸದ್ದು, ನಿನ್ನ ಅವ್ವ ಕೊಟ್ಟ ಕೌದಿಯನ್ನೇ ಅದಕ್ಕೆ ಹೊಚ್ಚಿದ್ದು, ಐದು ನಿಮಿಷದ ಕೆಲಸ ಮಾಡದೆ ಬಿಟ್ಟದ್ದು, ಹಾಡನ್ನು ಕೇಳದೇ ಇದ್ದದ್ದು, ಎಲ್ಲ ಹೇಳಿದೆ. ಹೇಳುವಾಗ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ಒಳಗೆ ಕೂಸು ಅಳುತ್ತಿತ್ತು. ಅವಳು ಖಾಲಿ ಲೋಟ ಎತ್ತಿಕೊಂಡು ಎದ್ದವಳು ಬಾಗಿಲಲ್ಲಿ ನಿಂತು ತಿರುಗಿದಳು.

"ಮತ್ತ ಆ ಹಾಡು ಯಾರ ಸಲುವಾಗಿ ಇಟ್ಟಿದ್ರಿ ಸರ್ರ?"

ಸಿಟ್ಟಿಲ್ಲದೆ, ಉತ್ತರ ಬೇಕೆಂದೇ ಕೇಳಿದಳು. ಕೂಸಿನ ಅಳು ಜೋರಾಯಿತು. ಅವಳು ಒಳಗೆ ಹೋಗಿ ಅದನ್ನು ಎತ್ತಿಕೊಂಡು ತನಗೆ ಬರುವ ಆ ಒಂದೇ ಸಾಲನ್ನು ಹಾಡಿದಳು, ಮತ್ತೆ ಅದನ್ನೇ ಹಾಡಿದಳು.