ರಿವ್ಯೂ ಅಂಕಲ್ ಸಂಸಾರ ಸಮೇತ ಸಿನಿಮಾ ನೋಡಿದ್ದು

ವಿಜಯನಗರದ ಪುರುಷೋತ್ತಮ ರಾಯರಿಗೆ ಸಿನಿಮಾದ ಹುಚ್ಚು ಎಂದರೆ ತಪ್ಪಾಗುತ್ತದೆ. ಅವರಿಗಿದ್ದದ್ದು ಸಿನಿಮಾ ಮುಗಿದ ಮೇಲಿನ ಐದು ನಿಮಿಷದ ಹುಚ್ಚು. ಶುಕ್ರವಾರ ಮೊದಲ ಆಟ ಬಿಟ್ಟ ಕೂಡಲೇ ಚಿತ್ರಮಂದಿರದ ಬಾಗಿಲಲ್ಲಿ ಯೂಟ್ಯೂಬ್ ಚಾನೆಲ್ಲಿನವರು ಮೈಕು ಹಿಡಿದು ನಿಂತಿರುತ್ತಾರಲ್ಲ, "ಹೇಗಿದೆ ಸಾರ್ ಪಿಕ್ಚರ್?" ಎಂದು ಕೇಳುವವರು, ಅವರ ಮುಂದೆ ನಿಲ್ಲುವ ಹುಚ್ಚು. ಉಳಿದವರು "ಸೂಪರ್, ಬೆಂಕಿ" ಎಂದು ಕೂಗಿ ಪಾರ್ಕಿಂಗಿಗೆ ಓಡುತ್ತಿದ್ದರೆ, ರಾಯರು ಜೇಬಿನಿಂದ ಬಾಚಣಿಗೆ ತೆಗೆದು, ಇದ್ದಷ್ಟು ಕೂದಲನ್ನು ಸಾಲಿಗೆ ತಂದು, ಕನ್ನಡಕ ಒರೆಸಿಕೊಂಡು, "ನೋಡಿ, ಮೊದಲನೇದಾಗಿ..." ಎಂದು ಶುರುಮಾಡುತ್ತಿದ್ದರು. ವಿಮಾ ಕಚೇರಿಯಲ್ಲಿ ಜೀವಮಾನವಿಡೀ ದುಡಿದಾಗ ಒಬ್ಬನೂ ಅವರ ಅಭಿಪ್ರಾಯ ಕೇಳಿರಲಿಲ್ಲ. ನಿವೃತ್ತಿಯಾದ ಮೇಲೆ ಊರೇ ಕೇಳತೊಡಗಿತು. ತರಕಾರಿ ಅಂಗಡಿಯವನು ಕೂಡ "ರಿವ್ಯೂ ಅಂಕಲ್, ಈ ವಾರ ಯಾವುದು ನೋಡ್ಬೋದು?" ಎಂದು ಕೇಳಿದ ಮೇಲೆಯೇ ಬದನೆಕಾಯಿ ತೂಗುತ್ತಿದ್ದ.

ಫಸ್ಟ್ ಹಾಫು, ಸೆಕೆಂಡ್ ಹಾಫು, ತಾಯಿಯ ಪಾತ್ರ ಎಲ್ಲವನ್ನೂ ತೂಗಿ ಅಳೆದು ರಾಯರು ಕೊನೆಗೆ ಕೊಡುತ್ತಿದ್ದ ತೀರ್ಪು ಮಾತ್ರ ಒಂದೇ: "ಒಟ್ಟಿನಲ್ಲಿ ಸಂಸಾರ ಸಮೇತ ನೋಡಬಹುದಾದ ಚಿತ್ರ." ಹೀಗೆ ಊರಿಗೆಲ್ಲ ಹೇಳಿದ ಮನುಷ್ಯ ತಾವು ಮಾತ್ರ ಒಬ್ಬರೇ ಹೋಗಿ ಒಬ್ಬರೇ ಬರುತ್ತಿದ್ದರು. ಹೆಂಡತಿ ಪ್ರಭಾ ಅವರಿಗೆ ಶುಕ್ರವಾರ ವಿಷ್ಣು ಸಹಸ್ರನಾಮದ ತಂಡವಿತ್ತು. ಬೇರೆ ದಿನ ಹೋಗೋಣ ಎಂದು ಇವರು ಕರೆಯಲಿಲ್ಲ, ಅವರೂ ಕೇಳಲಿಲ್ಲ.

ಬೀದಿಯಲ್ಲಿ ಅಷ್ಟು ಮಾತಾಡುವ ರಾಯರ ಬಾಯಿಗೆ ಮನೆಯ ಹೊಸಿಲು ದಾಟಿದೊಡನೆ ಬೀಗ ಬೀಳುತ್ತಿತ್ತು. "ಹೂಂ", "ಕಾಫಿ", "ಗೇಟು ಹಾಕಿದ್ಯಾ", ಇಷ್ಟರಲ್ಲಿ ದಿನ ಸಾಗುತ್ತಿತ್ತು. ಆದರೆ ಹೇಳಲೇಬೇಕಾದ ಮಾತೊಂದು ಗಂಟಲಲ್ಲಿ ಸಿಕ್ಕಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು.

ಆಗ ಅವರಿಗೆ ಬೆನ್ನು ಹಿಡಿದುಕೊಂಡಿತ್ತು. ಒಂದು ತಿಂಗಳು ಗಟ್ಟಿ ಹಲಗೆಯ ಮೇಲೆ ಮಲಗಿ ಎಂದರು ಡಾಕ್ಟರು. ಮದುವೆಯಾಗಿ ಹೋದ ಮಗಳು ಸ್ಮೃತಿಯ ರೂಮಿನಲ್ಲಿ ಹಲಗೆಯ ಮಂಚವಿತ್ತು. ರಾಯರು ದಿಂಬು ಎತ್ತಿಕೊಂಡು ಅಲ್ಲಿಗೆ ಹೋದರು. ತಿಂಗಳಲ್ಲಿ ಬೆನ್ನು ನೆಟ್ಟಗಾಯಿತು. ವಾಪಸ್ ಬರುವುದು ಹೇಗೆ ಎಂಬುದನ್ನು ಮಾತ್ರ ಡಾಕ್ಟರು ಚೀಟಿಯಲ್ಲಿ ಬರೆದಿರಲಿಲ್ಲ. ಅರವತ್ತು ದಾಟಿದ ಗಂಡಸು ದಿಂಬು ಹಿಡಿದು ಹೆಂಡತಿಯ ಬಾಗಿಲಲ್ಲಿ ನಿಂತು ಏನೆಂದು ಕೇಳಬೇಕು? ಪ್ರಭಾ ಕರೆಯಲಿ ಎಂದು ಕಾದರು. ಪ್ರಭಾ ಕರೆಯಲಿಲ್ಲ. ಗೊರಕೆಯ ಕಾಟ ತಪ್ಪಿತೆಂದು ಅವಳಿಗೆ ನೆಮ್ಮದಿಯಾಗಿರಬೇಕು ಎಂದುಕೊಂಡು ಸುಮ್ಮನಾದರು. ನಿಜ ಹೇಳಬೇಕೆಂದರೆ ಅವರಿಗೆ ಸಂಕಟವಾಗುತ್ತಿತ್ತು. ಮೊದಲೆಲ್ಲ ನಿದ್ದೆಯ ನಡುವೆ ಎಚ್ಚರವಾದರೆ ಪಕ್ಕದಲ್ಲಿ ಬಳೆಯ ಸದ್ದು ಕೇಳುತ್ತಿತ್ತು. ಈಗ ಮಗಳು ಶಾಲೆಯಲ್ಲಿ ಗೆದ್ದ ಖೋಖೋ ಕಪ್ಪುಗಳು ಅವರನ್ನೇ ನೋಡುತ್ತ ಕೂತಿರುತ್ತಿದ್ದವು.

ಹೀಗಿರುವಾಗ ಸಹಸ್ರನಾಮದ ತಂಡದ ಸೀತಾ ಅವರ ಮಗ ಮಧ್ವೇಶ್ ಒಂದು ಸಿನಿಮಾ ಮಾಡಿಬಿಟ್ಟ. ಸ್ಟಾರಿಲ್ಲ, ಫೈಟಿಲ್ಲ, ಗೆಳೆಯರೆಲ್ಲ ಸೇರಿ ಮಾಡಿದ ಸಣ್ಣ ಚಿತ್ರ. ಹೆಸರು 'ರೂಮ್ ಖಾಲಿ ಇದ್ಯಾ?' ಮೊದಲ ದಿನ ಸೀಟು ತುಂಬಬೇಕಲ್ಲ, ಸೀತಾ ತಂಡದವರಿಗೆಲ್ಲ ಟಿಕೆಟ್ ಹಂಚಿದರು. "ಗಂಡ ಹೆಂಡ್ತಿ ಬಾಂಧವ್ಯದ ಕಥೆಯಂತೆ ಕಣ್ರೀ. ಎಲ್ರೂ ಯಜಮಾನ್ರನ್ನ ಕರ್ಕೊಂಡು ಬನ್ನಿ," ಎಂದರು. ಪಾಪ, ಅವರಿಗೂ ಅಷ್ಟೇ ಗೊತ್ತಿದ್ದದ್ದು. ಆ ಶುಕ್ರವಾರ ಸಹಸ್ರನಾಮಕ್ಕೆ ರಜೆ. ಪ್ರಭಾ ರೇಷ್ಮೆ ಸೀರೆ ಉಟ್ಟು, "ರೀ, ನಡೀರಿ, ನಾನೂ ಬರ್ತೀನಿ ಇವತ್ತು," ಎಂದಾಗ ರಾಯರಿಗೆ ಅನುಮಾನವೂ ಬರಲಿಲ್ಲ.

ಕಥೆ ಹೊಸಹಳ್ಳಿಯ ಒಂದು ಪುಟ್ಟ ಮನೆಯದು. ಅತ್ತೆ, ಮಾವ, ನಾದಿನಿ, ಜೊತೆಗೆ ಹಬ್ಬಕ್ಕೆಂದು ಬಂದು ಅಲ್ಲೇ ಬೇರೂರಿದ ಸೋದರಮಾವ. ಅದರೊಳಗೆ ಮದುವೆಯಾಗಿ ವರ್ಷಗಳಾದರೂ ಬಾಗಿಲು ಹಾಕಿಕೊಳ್ಳಲು ಒಂದು ರೂಮಿಲ್ಲದ ಗಂಡ ಹೆಂಡತಿ. ತಬ್ಬಿಕೊಳ್ಳಬೇಕೆಂದರೆ ತಾರಸಿಯಲ್ಲಿ ಒಣಹಾಕಿದ ಬೆಡ್‌ಶೀಟಿನ ಮರೆಯೇ ಗತಿ. ಕೊನೆಗೆ ಇಬ್ಬರೂ ಮೆಜೆಸ್ಟಿಕ್ಕಿನ ಲಾಡ್ಜಿಗೆ ಹೋಗುತ್ತಾರೆ. ಅಲ್ಲಿನ ಮ್ಯಾನೇಜರು, "ನಿಜವಾಗ್ಲೂ ಗಂಡ ಹೆಂಡ್ತಿನಾ? ಇಷ್ಟೊಂದು ನಗ್ತಾ ಇದೀರಲ್ಲ!" ಎಂದು ಅನುಮಾನಪಟ್ಟು ಹುಡುಗಿಯ ಅಪ್ಪನಿಗೆ ಫೋನು ಮಾಡುತ್ತಾನೆ.

ಚಿತ್ರಮಂದಿರ ಬಿದ್ದು ಬಿದ್ದು ನಗುತ್ತಿತ್ತು. ಸಹಸ್ರನಾಮದ ಸಾಲು ಮೊದಲು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಆಮೇಲೆ ಸೆರಗು ತೆಗೆದೇ ನಕ್ಕಿತು. ರಾಯರೂ ನಕ್ಕರು. ನಗುತ್ತಲೇ ಪಕ್ಕಕ್ಕೆ ತಿರುಗಿದರೆ ಪ್ರಭಾ ನಗುತ್ತಿರಲಿಲ್ಲ. ಪರದೆಯ ಕಡೆಗೂ ನೋಡುತ್ತಿರಲಿಲ್ಲ. ಗಂಡನನ್ನೇ ನೋಡುತ್ತಿದ್ದರು. ರಾಯರ ನಗು ಅಲ್ಲಿಗೇ ನಿಂತಿತು.

ಆಟ ಬಿಟ್ಟಾಗ ಬಾಗಿಲಲ್ಲಿ ಸಂತೆ ನೆರೆದಿತ್ತು. "ಮಗಾ, ಅಪ್ಪ ಅಮ್ಮನ ಜೊತೆ ಬಂದಿದ್ರೆ ಸೀಟ್ ಕೆಳಗೆ ತೂರ್ಕೋಬೇಕಾಗಿತ್ತು," ಎಂದು ಒಬ್ಬ ಹುಡುಗ ಕ್ಯಾಮೆರಾಕ್ಕೆ ಹೇಳುತ್ತಿದ್ದ. ಸಫಾರಿ ತೊಟ್ಟ ಹಿರಿಯರೊಬ್ಬರು, "ನಾಲ್ಕು ಗೋಡೆ ಮಧ್ಯೆ ಇರಬೇಕಾದ್ದನ್ನ ಬೀದಿಗೆ ತರೋದಾ? ಇದೇನಾ ನಮ್ಮ ಸಂಸ್ಕೃತಿ?" ಎಂದು ಗುಡುಗಿದರು. ಅವರ ಹಿಂದೆಯೇ ನಿಂತಿದ್ದ ಗೋವಿಂದರಾಜನಗರದ ನೀಲಾಂಬಿಕಾ, ಗದಗಿನ ಕಡೆಯಿಂದ ಬಂದು ಬಾಡಿಗೆ ಮನೆಯಲ್ಲಿರುವ ಹೆಂಗಸು, ತಡೆಯಲಾರದೆ ನಡುವೆ ಬಾಯಿ ಹಾಕಿದಳು. "ಆ ನಾಕು ಗ್ವಾಡಿ ಸಿಗಲಿಲ್ಲಂತನ ಅಲ್ಲೇನ್ರೀ ಪಿಕ್ಚರ್ ಆಗಿದ್ದು! ನಮ್ಮ ಮನ್ಯಾಗೂ ಇದ ಹಾಡು ಐತ್ರೀ." ಸಫಾರಿಯವರು ಬೇರೆ ಕ್ಯಾಮೆರಾ ಹುಡುಕಿಕೊಂಡು ಹೋದರು. ಸೀತಾ ಮಾತ್ರ, "ಇವ್ನು ಇದನ್ನೆಲ್ಲ ಎಲ್ಲಿ ಕಲಿತ್ನೋ ನಂಗೊತ್ತಿಲ್ಲಪ್ಪ," ಎಂದು ಕಂಡಕಂಡವರಿಗೆ ಹೇಳುತ್ತ, "ಜನ ಮಾತ್ರ ಚೆನ್ನಾಗಿ ನಕ್ಕರು ಅಲ್ವಾ?" ಎಂದೂ ಸೇರಿಸುತ್ತಿದ್ದರು.

ಮೈಕು ಕಂಡರೆ ಬಾಚಣಿಗೆ ತೆಗೆಯುವ ರಾಯರು ಅಂದು ಪಾರ್ಕಿಂಗಿನ ಕಡೆಯ ಬಾಗಿಲಿನಿಂದ ಜಾರಲು ನೋಡಿದರು. ಹುಲ್ಲು ಹಾಕಿ ಸಾಕಿದ ಮೇಕೆಯನ್ನು ಹಬ್ಬದ ದಿನ ಬಿಡುತ್ತಾರೆಯೇ? "ಅಂಕಲ್! ರಿವ್ಯೂ ಅಂಕಲ್!" ಎನ್ನುತ್ತ ಚಾನೆಲ್ಲಿನ ದೀಪ್ತಿ ಓಡಿಬಂದು ಮೈಕು ಹಿಡಿದೇಬಿಟ್ಟಳು.

"ನೋಡಿ, ಮೊದಲನೇದಾಗಿ..." ಎಂದರು ರಾಯರು. "ಕ್ಯಾಮೆರಾ ವರ್ಕ್ ಚೆನ್ನಾಗಿದೆ."

"ಕಥೆ, ಅಂಕಲ್?"

"ಲೈಟಿಂಗೂ ಚೆನ್ನಾಗಿದೆ."

"ಸಂಸಾರ ಸಮೇತ ನೋಡಬಹುದಾ?"

ರಾಯರು ಹಿಂತಿರುಗಿದರು. ಅವರ ಸಂಸಾರ ರೇಷ್ಮೆ ಸೀರೆ ಉಟ್ಟು ಎರಡು ಹೆಜ್ಜೆ ಹಿಂದೆಯೇ ನಿಂತಿತ್ತು. ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು. "ಅದು... ಗಂಡ ಒಂದು ಕಡೆ, ಹೆಂಡ್ತಿ ಒಂದು ಕಡೆ... ಇಂಥದ್ದೆಲ್ಲ ನಮ್ಮಂಥವರ ಮನೆಗಳಲ್ಲಿ ಇರಲ್ಲಮ್ಮ."

"ಹೌದಾ?" ಎಂದರು ಪ್ರಭಾ.

ದೀಪ್ತಿ ಚುರುಕು ಹುಡುಗಿ. ಮೈಕು ಕೂಡಲೇ ಆ ಕಡೆ ತಿರುಗಿತು.

"ನಾನು ಇವರ ಹೆಂಡ್ತಿ ಕಣಮ್ಮ. ಇವರ ರಿವ್ಯೂ ಒಂದನ್ನೂ ಬಿಟ್ಟಿಲ್ಲ ನಾನು," ಎಂದರು ಪ್ರಭಾ. ರಾಯರಿಗೆ ಇದು ಹೊಸ ಸುದ್ದಿ. "ಇವರ ಮನಸ್ಸಲ್ಲಿ ಏನಿದೆ ಅಂತ ನಂಗೆ ತಿಳಿಯೋದೇ ನಿಮ್ಮ ಚಾನೆಲ್ಲಿಂದ. ಯುಗಾದಿ ಟೈಮಲ್ಲಿ ಒಂದು ಪಿಕ್ಚರ್‌ಗೆ ಹೇಳಿದ್ರು, 'ಅಡುಗೆ ಚೆನ್ನಾಗಿದೆ ಅಂತ ಹೆಂಡ್ತಿಗೆ ಒಂದು ಮಾತು ಹೇಳೋಕೆ ಆ ಹೀರೋಗೆ ಏನು ಬಾಯಿ ಬಿದ್ದೋಗಿತ್ತಾ' ಅಂತ. ಅವತ್ತು ಮನೆಗೆ ಬಂದು ಎರಡು ಸಲ ಹುಳಿ ಹಾಕಿಸ್ಕೊಂಡು ಉಂಡು, 'ಗೇಟು ಹಾಕಿದ್ಯಾ' ಅಂದ್ರು. ಆ ಮೈಕ್ ಇಲ್ಲಿ ಕೊಡು."

ಮೈಕು ಅವರ ಕೈಗೆ ಬಂತು. ಅದನ್ನು ಗಂಡನ ಬಾಯಿಗೆ ಹಿಡಿದರು. "ಸಾರ್, ಒಂದು ಪ್ರಶ್ನೆ. ಬೆನ್ನುನೋವು ಅಂತ ಪಕ್ಕದ ರೂಮಿಗೆ ಹೋದ ಹೀರೋ, ಬೆನ್ನು ವಾಸಿಯಾದ್ಮೇಲೂ ಯಾಕೆ ವಾಪಸ್ ಬರಲ್ಲ?"

"ಆಂಟಿ, ಈ ಸಿನಿಮಾದಲ್ಲಿ ಆ ಸೀನೇ ಇಲ್ವಲ್ಲ?" ಎಂದಳು ದೀಪ್ತಿ.

"ಅದು ಬೇರೆ ಪಿಕ್ಚರ್ ಕಣಮ್ಮ. ಇನ್ನೂ ಓಡ್ತಾ ಇದೆ."

ರಾಯರು ಕನ್ನಡಕ ತೆಗೆದು ಒರೆಸಿದರು. ಕನ್ನಡಕ ಒದ್ದೆಯಾಗಿದ್ದು ಅವರಿಗೆ ಆಗಲೇ ಗೊತ್ತಾದದ್ದು. ಎದುರಿಗೆ ಮೈಕಿತ್ತು, ಆದ್ದರಿಂದ ಮಾತು ಬಂತು. "ನೋಡಿ, ಮೊದಲನೇದಾಗಿ, ಆ ಹೀರೋಗೆ ಪಕ್ಕದ ರೂಮಿಗೆ ಹೋದ ಮೊದಲ ವಾರದಿಂದ್ಲೇ ವಾಪಸ್ ಬರೋ ಆಸೆ ಇತ್ತು. ಹೀರೋಯಿನ್ ಕರೀತಾರೆ ಅಂತ ಕಾದ. ಎರಡನೇದಾಗಿ... ಅಲ್ಲಿ ಅವನಿಗೆ ನಿದ್ದೆ ಬರಲ್ಲ. ಬಂದು ಕೇಳೋಣ ಅಂದ್ರೆ ಡೈಲಾಗ್ ಗೊತ್ತಿಲ್ಲ."

ಪ್ರಭಾ ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಹೀರೋಯಿನ್ನೂ ಕಾದ್ಲು. ಹಲಗೆ ಬೆನ್ನಿಗೆ ಹಿತವಾಗಿದೆಯೇನೋ, ಕರೆದು ಯಾಕೆ ಮತ್ತೆ ನೋವು ಮಾಡೋದು ಅಂತ." ಮೈಕನ್ನು ದೀಪ್ತಿಗೆ ಕೊಟ್ಟುಬಿಟ್ಟರು.

"ಇದನ್ನ ಹಾಕ್ಬೇಡ ಕಣಮ್ಮ," ಎಂದು ರಾಯರು ಗೋಗರೆದರು.

"ಇಲ್ಲ ಅಂಕಲ್. ಲೈಟಿಂಗ್ ಚೆನ್ನಾಗಿದೆ ಅಂದ್ರಲ್ಲ, ಅಷ್ಟೇ ಹಾಕ್ತೀನಿ."

ಇಬ್ಬರೂ ಮೆಟ್ರೋ ಹತ್ತಿದರು. ಮನೆಗೆ ಬಂದೊಡನೆ ರಾಯರ ಬಾಯಿಗೆ ಹಳೆಯ ಬೀಗವೇ ಬಿತ್ತು. ಊಟಕ್ಕೆ ಕೂತರು, ಹುಳಿ ಕಲಸಿದರು, ಎರಡನೇ ಸಲ ತಟ್ಟೆ ಮುಂದೆ ಮಾಡಿದರು. ಪ್ರಭಾ ಸೌಟನ್ನು ತಟ್ಟೆಗೆ ಬಗ್ಗಿಸುವ ಬದಲು ಗಂಡನ ಬಾಯಿಯ ಹತ್ತಿರ ಹಿಡಿದು, "ಹೇಗಿದೆ ಸಾರ್?" ಎಂದರು.

"ಚೆನ್ನಾಗಿದೆ ಕಣೇ," ಎಂದರು ರಾಯರು. "ಯಾವತ್ತೂ ಚೆನ್ನಾಗೇ ಇರುತ್ತೆ."

ಕೈತೊಳೆದವರು ನೇರವಾಗಿ ಸ್ಮೃತಿಯ ರೂಮಿಗೆ ಹೋದರು. ದಿಂಬು ಎತ್ತಿಕೊಂಡರು. ನಡುಮನೆ ದಾಟಿ ಬಂದು ಆ ಬಾಗಿಲಲ್ಲಿ ನಿಂತರು. ಪ್ರಭಾ ಹಾಸಿಗೆ ಕೊಡವುತ್ತಿದ್ದರು. ಅವರ ಕೈಯಲ್ಲಿ ಸೌಟಿರಲಿಲ್ಲ, ಮೈಕೂ ಇರಲಿಲ್ಲ. ರಾಯರು ಒಮ್ಮೆ ಗಂಟಲು ಸರಿಮಾಡಿಕೊಂಡರು.

"ಪ್ರಭಾ... ರೂಮ್ ಖಾಲಿ ಇದ್ಯಾ?"

ಪ್ರಭಾ ದಿಂಬನ್ನು ನೋಡಿದರು, ದಿಂಬಿನ ಹಿಂದಿದ್ದ ಮುಖವನ್ನು ನೋಡಿದರು. ಆ ಮುಖಕ್ಕೆ ನಗು ತಡೆಯಲಾಗುತ್ತಿರಲಿಲ್ಲ.

"ನಿಜವಾಗ್ಲೂ ಗಂಡ ಹೆಂಡ್ತಿನಾ?" ಎಂದು ಕೇಳಿ, ಗೋಡೆಯ ಕಡೆಗೆ ಸರಿದು ಜಾಗ ಮಾಡಿದರು.