ಲೋಹಕ್ಕೂ ಮೂಳೆಗೂ ನಂಟು ಬೆಸೆದವರು

ದೇಹದೊಳಗೆ ಕೂರಿಸುವ ಲೋಹದ ತಿರುಪುಗಳಿಗೆ ಪ್ರೋಟೀನಿನ ತೆಳು ಲೇಪ ಹಚ್ಚಿ, ಜೀವಂತ ಮೂಳೆ ಅವನ್ನು ಹೊರಗಿನವೆಂದು ದೂರವಿಡದೆ ತನ್ನವೆಂದು ಅಪ್ಪಿಕೊಳ್ಳುವಂತೆ ಮಾಡುವ ವಿದ್ಯೆಯಲ್ಲಿ ಮೂರು ದಶಕ ದುಡಿದು, ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರ ಪಾಂಡಿತ್ಯವನ್ನು ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಅವರ ಪ್ರಯೋಗಾಲಯಕ್ಕೆ ಗಾಜಿನ ಪಾತ್ರೆ ತೊಳೆಯಲು ಸೇರಿ, ನೋಡಿ ನೋಡಿಯೇ ಕೆಲಸ ಕಲಿತವನು. "ತೊಳೆಯೋದು ಬಂದ್ರೆ ಅರ್ಧ ವಿಜ್ಞಾನ ಬಂದ ಹಾಗೆ ಕಣ್ರೀ" ಎಂದು ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿಕೊಂಡವರು ಅವರು.

ಹತ್ತೊಂಬತ್ತು ವರ್ಷಗಳ ಹಿಂದಿನ ಮಾತು. ದರ್ಜಿ ಹೆಂಗಸೊಬ್ಬರ ಕಾಲಿನಲ್ಲಿ ಎರಡು ಸಲ ತಿರುಪು ಸಡಿಲವಾಗಿತ್ತು. ಮೂರನೆಯದೂ ಕೂಡದಿದ್ದರೆ ಕಾಲೇ ತೆಗೆಯಬೇಕೆಂದು ವೈದ್ಯರು ಹೇಳಿದ್ದರು. ಲೇಪದ ತಿರುಪುಗಳು ಸಿದ್ಧವಾದವು. ಲೋಹ ಕಂಡರೆ ಕ್ರಿಮಿ ಸಾಯಲೆಂದು ಹಬೆಯ ಪೆಟ್ಟಿಗೆಗೆ ಹಾಕುವುದು ನನ್ನ ಕೈಗೆ ಅಂಟಿದ ಅಭ್ಯಾಸ, ಅವನ್ನೂ ಹಾಕಿಬಿಟ್ಟೆ. ಬಿಸಿಗೆ ಬೆಂದ ಮೊಟ್ಟೆಯ ಬಿಳಿಯಂತೆ ಲೇಪ ಕೆಟ್ಟುಹೋಗಿರುತ್ತದೆಂದು ಆಮೇಲೆ ಹೊಳೆಯಿತು, ಆದರೆ ಕಣ್ಣಿಗೆ ಏನೂ ಕಾಣದು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಿರುಪುಗಳನ್ನು ತುಂಬಿ ಕಳಿಸಿದ ಪೆಟ್ಟಿಗೆ ಆಸ್ಪತ್ರೆಯ ಬಾಗಿಲು ತಲುಪುವ ಹೊತ್ತಿಗೆ ಓಡಿಹೋಗಿ ಮೇಡಂಗೆ ಹೇಳಿದೆ. ಮೇಡಂ ಬೈಯಲಿಲ್ಲ. "ಹೇಳಿದ್ರಲ್ಲ, ಸಾಕು" ಎಂದು ತಾವೇ ರೋಗಿಯ ಬಳಿ ಹೋಗಿ, "ತಪ್ಪು ನಮ್ಮದಮ್ಮ, ಮೂರು ದಿನ ಕೊಡಿ" ಎಂದು ಕೇಳಿದರು.

"ವಾರ ತಗೊಳ್ಳಿ ಮೇಡಂ. ಬಟ್ಟೆ ತಪ್ಪು ಕತ್ತರಿಸಿದ್ರೆ ನಾನು ಕರೆಂಟ್ ಹೋಗಿತ್ತು ಅಂತೀನಿ, ನೀವು ನಿಜ ಹೇಳ್ತಿದ್ದೀರಲ್ಲ!"

ಹೊಸ ತಿರುಪು ಮೂಳೆಗೆ ಕೂಡಿತು. ಆಕೆ ಇಂದಿಗೂ ಹೊಲಿಗೆ ಯಂತ್ರ ತುಳಿಯುತ್ತಿದ್ದಾರೆ.

ಅಂದಿನಿಂದ ಯಾವ ಪೆಟ್ಟಿಗೆ ಹೊರಡುವ ಮುನ್ನವೂ ಮೇಡಂ ಎಲ್ಲರನ್ನೂ ನಿಲ್ಲಿಸಿ, "ಹೇಳೋದೇನಾದ್ರೂ ಉಳಿದಿದೆಯಾ?" ಎಂದು ಕೇಳಿ, ಒಂದು ನಿಮಿಷ ಮೌನವಾಗಿ ಕಾಯುತ್ತಿದ್ದರು. ಆ ನಿಮಿಷದಲ್ಲಿ ಎಷ್ಟೋ ತಪ್ಪುಗಳು ಬಾಯಿ ಬಿಟ್ಟಿವೆ.

ಕಳೆದ ವಾರ ಅವರು ರುಜು ಹಾಕಬೇಕಿದ್ದ ಕೊನೆಯ ಪೆಟ್ಟಿಗೆಯ ಮುಂದೆ ಆ ಪ್ರಶ್ನೆಯನ್ನು ನಾನೇ ಅವರಿಗೆ ಕೇಳಿದೆ. ಎಲ್ಲರೂ ನಕ್ಕರು, ಅವರು ನಗಲಿಲ್ಲ. ನಿಮಿಷ ಕಳೆಯಿತು.

"ಇದೆ. ಆವತ್ತು 'ಹಬೆಗೆ ಹಾಕಬಾರದು' ಅಂತ ಚೀಟಿ ಅಂಟಿಸೋದು ನನ್ನ ಕೆಲಸ ಆಗಿತ್ತು. ಮರೆತಿದ್ದೆ. ನಿಮಗೆ ಹೇಳೋಕೆ ಇಷ್ಟು ವರ್ಷ ಬಾಯಿ ಬರಲಿಲ್ಲ."

"ಹೇಳಿದ್ರಲ್ಲ ಮೇಡಂ, ಸಾಕು" ಎಂದೆ.

ಅವರು ನೂರು ವರ್ಷ ಗಟ್ಟಿಯಾಗಿರಲಿ. ಆಗಾಗ ಬಂದು ಅದೇ ಸ್ಟೂಲಿನ ಮೇಲೆ ಕೂತು, ನಮ್ಮನ್ನು ಅದೇ ಪ್ರಶ್ನೆ ಕೇಳುತ್ತಿರಲಿ.