ಸಜ್ಜೆ ಕಾದ ಗಿಟಾರು

ನಮ್ಮ ಕಾಲದ ರಾಕ್ ಸಂಗೀತಗಾರರು ಲೋಕಕ್ಕೆ ಏನು ಬಿಟ್ಟುಹೋದರು ಅಂತ ತಿಳಿದವರು ಪುಟಗಟ್ಟಲೆ ಬರೆಯುತ್ತಾರೆ. ಬರೆಯಲಿ, ಪಾಪ. ಬರಗೂರಿನ ಹತ್ತಿರದ ನಮ್ಮ ಸಜ್ಜೆ ಹೊಲದ ಸುದ್ದಿಯನ್ನು ಮಾತ್ರ ಒಬ್ಬರೂ ಎತ್ತುವುದಿಲ್ಲ ನೋಡಿ, ನನಗೆ ಅದಕ್ಕೇ ಮೈ ಉರಿಯುತ್ತದೆ.

ಎಂಬತ್ತರ ದಶಕದ ಮೊದಲಲ್ಲಿ ನಾನು ಆ ಹೊಲದವರ ಮನೆಗೆ ಸೊಸೆಯಾಗಿ ಬಂದೆ. ತವರಿನವರು ಕೊಟ್ಟ ಟೇಪ್ ರೆಕಾರ್ಡರ್ ಜೊತೆಗೆ, ತುಮಕೂರಿನ ಹಾಸ್ಟೆಲ್ ಗೆಳತಿ ಕೊಟ್ಟ ಇಂಗ್ಲಿಷ್ ಕ್ಯಾಸೆಟ್ಟೊಂದು ಟ್ರಂಕಿನಲ್ಲಿತ್ತು. ಅದರ ಗಿಟಾರು ಕೇಳಿದರೆ ನನಗೆ ಮೈಮೇಲೆ ಬಂದಂತಾಗುತ್ತಿತ್ತು. ಮೊದಲ ಸಲ ಹಾಕಿದಾಗಲೇ ಅತ್ತೆ ಮೊರ ಕೆಳಗಿಟ್ಟು ಎದ್ದು ಬಂದರು.

“ಯಾರ್ನ ಕುಯ್ತಾವ್ರೆ ಅದ್ರೊಳ್ಗೆ? ಇನ್ನೊಂದ್ಸಲ ಕೇಳುಸ್ತೋ, ಬಾವಿಗೆ ಎಸ್ದುಬುಡ್ತೀನಿ ಕಣಮ್ಮಿ!”

ಅತ್ತೆ ಹೇಳಿದರೆ ಮಾಡುವವರೇ. ಮಾವನ ಬೀಡಿಕಟ್ಟು ಆಗಲೇ ಆ ಬಾವಿ ಕಂಡಿತ್ತು. ಹಾಸ್ಟೆಲಿನಿಂದ ನನ್ನದೂ ಅಂತ ಉಳಿದಿದ್ದು ಆ ಕ್ಯಾಸೆಟ್ಟೊಂದೇ. ಸೀರೆಗಳ ಅಡಿಗೆ ಸೇರಿಸಿದೆ. ನೀರಿಗೆ ಹೋದಾಗೆಲ್ಲ ಬಾವಿಯೊಳಗೆ ಒಮ್ಮೆ ಬಗ್ಗಿ ನೋಡುತ್ತಿದ್ದೆ.

ಸಜ್ಜೆ ತೆನೆಗೆ ಹಾಲು ತುಂಬಿದಾಗ ಗಿಣಿಗಳು ಮುತ್ತಿದವು. ಹೊಲದ ನಡುವಿನ ಅಟ್ಟಣೆ ಹತ್ತಿ, ಕವಣೆ ಬೀಸುತ್ತಾ, “ಹೋ…” ಅಂತ ಕೂಗಿ ಓಡಿಸುವುದು ಅತ್ತೆಯ ಕೆಲಸ. ಆ ವರ್ಷ ಕೂಗಿ ಕೂಗಿ ಅವರ ಗಂಟಲೇ ಕಟ್ಟಿಹೋಯಿತು. ನನ್ನ ಕೂಗಿಗೆ ಗಿಣಿಯಿರಲಿ, ಗುಬ್ಬಿಯೂ ಕತ್ತೆತ್ತಲಿಲ್ಲ.

“ಅತ್ತೆ, ಟೇಪೊಳ್ಗೆ ಒಬ್ಬನ್ನ ಕುಯ್ತಾವ್ರಲ್ಲ, ಅವನ್ನೇ ಕರ್ಕೊಂಡ್ ಬರ್ಲಾ?” ಅಂದೆ, ಮುಖ ಸಪ್ಪಗೆ ಮಾಡಿಕೊಂಡು.

ಅತ್ತೆ ಮಾತಾಡಲಾರದೆ ಕೈಯಾಡಿಸಿದರು. ಬೇಡ ಅಂದರೋ, ತಾ ಅಂದರೋ, ನಾನು ನನಗೆ ಬೇಕಾದಂತೆ ತಿಳಿದುಕೊಂಡೆ. ಟೇಪನ್ನು ಅಟ್ಟಣೆಯ ಮೇಲಿಟ್ಟು ಸದ್ದು ಪೂರ್ತಿ ಏರಿಸಿದೆ. ಗಿಟಾರು ಕಿರುಚಿದ್ದೇ ತಡ, ಗಿಣಿಗಳ ಹಿಂಡು ಭರ್ರನೆ ಎದ್ದು ಪಕ್ಕದ ಹೊಲಕ್ಕೆ ಹೋಯಿತು. ಅದು ಅತ್ತೆಯ ಓರಗಿತ್ತಿಯ ಹೊಲ. ಅತ್ತೆಯ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ!

ಒಂದು ಹಾಡಿನ ನಡುವೆ ಗಿಟಾರು ಥಟ್ಟನೆ ನಿಂತು, ಉಸಿರೆಳೆದುಕೊಂಡು, ಮತ್ತೆ ಶುರುವಾಗುತ್ತಿತ್ತು. ಸದ್ದು ನಿಂತರೆ ಗಿಣಿ ಇಳಿಯುತ್ತವಲ್ಲ! ಗಂಟಲು ಸರಿಯಾದ ಮೇಲೆ ಅತ್ತೆ ಆ ಜಾಗಕ್ಕೆ ಸರಿಯಾಗಿ “ಹೋ…” ತುಂಬಿಸತೊಡಗಿದರು. ಒಮ್ಮೆಯೂ ತಪ್ಪಲಿಲ್ಲ. ಸೆಲ್ಲು ಇಳಿದು ಹಾಡುವವನ ದನಿ ಎಳೆದಾಡಿದಾಗ ಮಾವನನ್ನು ಶಿರಾ ಬಸ್ಸು ಹತ್ತಿಸಿದವರೂ ಅವರೇ.

“ಸೆಲ್ಲು ತಕಂಬಾ ಹೋಗು. ಆ ಹುಡ್ಗುನ್ಗೂ ಗಂಟ್ಲು ಕಟ್ಟೈತೆ!”

ಸುಗ್ಗಿ ಮುಗಿದರೂ ಅಭ್ಯಾಸ ಹೋಗಲಿಲ್ಲ. ಮನೆಯಲ್ಲಿ ಆ ಹಾಡು ಹಾಕಿದರೆ ಮುದ್ದೆ ಕಟ್ಟುತ್ತಲೇ ಆ ಜಾಗಕ್ಕೆ “ಹೋ…” ಅನ್ನುತ್ತಿದ್ದರು. ನನ್ನ ಮಗಳು ಆ ಹಾಡು ಕೇಳಿ ಬೆಳೆದದ್ದೇ ಹಾಗೆ.

ಅತ್ತೆ ಈಗಿಲ್ಲ, ಕ್ಯಾಸೆಟ್ಟೂ ಇಲ್ಲ. ಮೊನ್ನೆ ಮಗಳು ಎಲ್ಲಿಂದಲೋ ಅದೇ ಹಾಡನ್ನು ಹುಡುಕಿ ಫೋನಿನಲ್ಲಿ ಹಾಕಿದಳು. ಗಿಟಾರು ನಿಂತಿತು, ಉಸಿರೆಳೆದುಕೊಂಡಿತು, ಮತ್ತೆ ಶುರುವಾಯಿತು.

“ಅಮ್ಮ, ಇದ್ರಲ್ಲಿ ಅಜ್ಜೀನೇ ಇಲ್ಲ” ಅಂದಳು.

ನನಗೆ ಅಳು ಬಂತು. ಹಾಡನ್ನು ಮೊದಲಿನಿಂದ ಹಾಕಿಸಿದೆ. ಆ ಜಾಗ ಬಂದಾಗ ಇಬ್ಬರೂ ಸೇರಿ ಅದೆಷ್ಟು ಜೋರಾಗಿ ಕೂಗಿದೆವೆಂದರೆ, ಎದುರುಮನೆಯವರು ಕಿಟಕಿ ಹಾಕಿಕೊಂಡರು.